ವಾರಕ್ಕೊಂದು ದಿನದ ಮಾತ್ರೆ

(ತೋಟದ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ. ಮಾತನಾಡಿದವರು ತೋಟದ ಡಿಸ್ಪೆನ್ಸರಿಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು.)



ಕೂಟದ ಹಿರಿಯರು ನನ್ನನ್ನು ಕರೆದು, "ಸಿಸ್ಟರಮ್ಮ, ಈ ಸಲ ಕೀಲುನೋವಿನ ವಿಷಯ ಮಾತಾಡಿ" ಎಂದರು. ಕೀಲುನೋವೆಂದರೆ ಇಲ್ಲಿ ಕೂತಿರುವ ನಲವತ್ತು ದಾಟಿದವರೆಲ್ಲ ಕೈ ಎತ್ತುವಿರಿ. ಇಳಿಜಾರಿನಲ್ಲಿ ನಿಂತು, ಮಳೆಯಲ್ಲಿ ನೆನೆದು, ಸೊಪ್ಪಿನ ಮೂಟೆ ಹೊತ್ತವರಿಗೆ ನೋವಿಲ್ಲದೆ ಇರುತ್ತದೆಯೇ? ಅದನ್ನೆಲ್ಲ ಹೇಳಲು ನನಗೆ ಬಾರದು. ನಾನು ಡಾಕ್ಟರಲ್ಲ, ಮೂವತ್ತೊಂದು ವರ್ಷ ಡಿಸ್ಪೆನ್ಸರಿಯಲ್ಲಿ ಕೆಲಸ ಮಾಡಿದ ನರ್ಸು. ಆದ್ದರಿಂದ ಒಂದೇ ಒಂದು ಕೀಲುರೋಗ, ಅದಕ್ಕೆ ಕೊಡುವ ಒಂದೇ ಒಂದು ಮಾತ್ರೆ, ಇಷ್ಟರ ವಿಷಯ ಹೇಳುತ್ತೇನೆ. ಆ ಮಾತ್ರೆಯನ್ನು ಸರಿಯಾಗಿ ತಿಂದರೆ ಕೈ ಉಳಿಯುತ್ತದೆ. ತಪ್ಪಾಗಿ ತಿಂದರೆ ಒಂದು ವಾರದಲ್ಲಿ ಜೀವಕ್ಕೇ ಅಪಾಯ. ಎರಡನ್ನೂ ನಾನು ಒಬ್ಬಳೇ ಹೆಂಗಸಿನಲ್ಲಿ ಕಂಡಿದ್ದೇನೆ.

ಆಕೆ ಸೊಪ್ಪು ಕೊಯ್ಯುವವಳು. ಹೆಸರು ಹೇಳುವುದಿಲ್ಲ. "ನನ್ನ ಕಥೆ ಹೇಳಿ ಸಿಸ್ಟರಮ್ಮ, ನಾಲ್ಕು ಜನಕ್ಕೆ ಉಪಯೋಗವಾಗಲಿ, ಹೆಸರು ಮಾತ್ರ ಬೇಡ" ಎಂದು ಆಕೆಯೇ ಒಪ್ಪಿಗೆ ಕೊಟ್ಟಿದ್ದಾಳೆ.

ಮೊದಲು ಆಕೆಯ ತಲೆಯಲ್ಲಿ ಹೊಟ್ಟು ಬಂತು. ಸಾಧಾರಣ ಹೊಟ್ಟಲ್ಲ, ದಪ್ಪ ಪದರ. ಆಮೇಲೆ ಮೊಣಕೈಯಲ್ಲಿ, ಮಂಡಿಯಲ್ಲಿ ಕೆಂಪು ಕಲೆ, ಅದರ ಮೇಲೆ ಬೆಳ್ಳಗೆ ಮೀನಿನ ಹುರುಪೆಯಂತೆ ಉದುರುವ ಚರ್ಮ. ಹುಳುಕಡ್ಡಿ ಎಂದು ಪೇಟೆಯಿಂದ ಮುಲಾಮು ತಂದು ಹಚ್ಚಿದಳು. ಲೈನಿನಲ್ಲಿ ಮಾತು ಹುಟ್ಟಿತು. ಪಕ್ಕದ ಮನೆಯವರು ತಮ್ಮ ಮಕ್ಕಳನ್ನು ಆಕೆಯ ಮನೆಗೆ ಬಿಡುವುದು ನಿಲ್ಲಿಸಿದರು. ಯಾರೋ ಒಬ್ಬರು ಕುಷ್ಠ ಎಂಬ ಮಾತನ್ನೂ ಆಡಿಬಿಟ್ಟರು. ಆ ಮಾತು ನಮ್ಮ ಜನರ ಬಾಯಿಗೆ ಬೇಗ ಬರುತ್ತದೆ, ಏಕೆಂದರೆ ಯಾಜಕಕಾಂಡದ 13ನೆಯ ಅಧ್ಯಾಯವನ್ನು ಎಲ್ಲರೂ ಕೇಳಿದ್ದೇವೆ. ಅದೇ ಅಧ್ಯಾಯದಲ್ಲಿ ಬಟ್ಟೆಗೂ, ಮುಂದಿನ ಅಧ್ಯಾಯದಲ್ಲಿ ಮನೆಯ ಗೋಡೆಗೂ ಅದೇ ರೋಗ ಬರುತ್ತದೆಂದು ಬರೆದಿದೆಯಲ್ಲವೇ? ಗೋಡೆಗೆ ಕುಷ್ಠ ಬರುತ್ತದೆಯೇ? ಆ ಹಳೆಯ ಇಬ್ರಿಯ ಮಾತಿನಲ್ಲಿ ಹಲವು ಬಗೆಯ ಕಲೆ, ಹುರುಪೆ, ಬೂಷ್ಟು ಎಲ್ಲವೂ ಸೇರಿವೆ. ಆಕೆಗೆ ಇದ್ದದ್ದು ಸೋರಿಯಾಸಿಸ್. ಅದು ಮುಟ್ಟಿದರೆ ಅಂಟುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ, ಗಂಡ ಹೆಂಡಿರಲ್ಲಿ ಒಬ್ಬರಿಂದ ಒಬ್ಬರಿಗೂ ಬರುವುದಿಲ್ಲ.

ಎರಡು ಮೂರು ವರ್ಷ ಕಳೆದ ಮೇಲೆ ಬೆರಳು ಹಿಡಿಯಿತು. ಬಲಗೈಯ ನಡುಬೆರಳು ಬುಡದಿಂದ ತುದಿಯವರೆಗೆ ಊದಿ ಏಲಕ್ಕಿ ಬಾಳೆಹಣ್ಣಿನ ಹಾಗಾಯಿತು. ಬೆಳಿಗ್ಗೆ ಎದ್ದರೆ ಒಂದೂವರೆ ಗಂಟೆ ಕೈ ಮಡಿಚಲು ಆಗದು. ಮಸ್ಟರಿಗೆ ತಡವಾಗಿ ಬರುತ್ತಾಳೆ, ತೂಕ ಕಡಿಮೆ, ಮೇಸ್ತ್ರಿಯ ಬೈಗಳು. ಹಿಮ್ಮಡಿಯಲ್ಲಿ ನೋವು, ಕಾಲೂರಲು ಆಗದು. ನನ್ನ ಹತ್ತಿರ ಬಂದಾಗ ಆಕೆಯ ಉಗುರುಗಳನ್ನು ನಾನು ನೋಡಿದ್ದೆ. ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿ, ಎರಡು ಉಗುರು ಬುಡದಿಂದ ಮೇಲೆದ್ದಿದ್ದವು. ಮಣ್ಣಿನ ಕೆಲಸ, ಉಗುರು ಕೆಟ್ಟಿದೆ ಎಂದುಕೊಂಡೆ. ಚರ್ಮಕ್ಕೆ ಒಂದು ಮುಲಾಮು, ಕೈಗೆ ನೋವಿನ ಮಾತ್ರೆ, ಹೀಗೆ ಹತ್ತಿರ ಹತ್ತಿರ ಎರಡು ವರ್ಷ ಕೊಟ್ಟೆ. ಚರ್ಮ, ಉಗುರು, ಕೀಲು ಮೂರೂ ಒಂದೇ ಕಾಯಿಲೆ ಎಂದು ನನಗೆ ಹೊಳೆಯಲಿಲ್ಲ. ಈ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಆ ಎರಡು ವರ್ಷದಲ್ಲಿ ಆಕೆಯ ಎರಡು ಬೆರಳು ಶಾಶ್ವತವಾಗಿ ಬಾಗಿದವು.

ಅಷ್ಟರೊಳಗೆ ಆಕೆ ಪೇಟೆಗೂ ಹೋಗಿದ್ದಳು. ಅಲ್ಲಿ ಒಬ್ಬರು ರಕ್ತ ಪರೀಕ್ಷೆ ಮಾಡಿಸಿ, ಆರ್.ಎ. ನೆಗೆಟಿವ್, ವಾತ ಇಲ್ಲ ಎಂದರು. ಈ ರೋಗದಲ್ಲಿ ಆ ಪರೀಕ್ಷೆ ಬಹುಮಟ್ಟಿಗೆ ನೆಗೆಟಿವ್ ಆಗಿಯೇ ಬರುತ್ತದೆ, ಆದ್ದರಿಂದ ಆ ಕಾಗದವನ್ನು ನೋಡಿ ಸಮಾಧಾನ ಪಡಬೇಡಿ. ಇನ್ನೊಬ್ಬರು ಸೊಂಟಕ್ಕೆ ಸೂಜಿ ಹಾಕಿದರು. ಮಾರನೆಯ ದಿನ ನೋವು ಮಾಯ! ಆಕೆ ಅವರನ್ನು ದೇವರಂತೆ ಕಂಡಳು. ಅದು ಸ್ಟೀರಾಯ್ಡ್. ಸೋರಿಯಾಸಿಸ್ ಇರುವವರಿಗೆ ಸ್ಟೀರಾಯ್ಡ್ ಸೂಜಿ, ಮಾತ್ರೆ ಕೊಟ್ಟು ಥಟ್ಟನೆ ನಿಲ್ಲಿಸಿದರೆ ಚರ್ಮರೋಗ ಮೊದಲಿಗಿಂತ ಹೆಚ್ಚಾಗಿ ಕೆರಳಿ ಏಳಬಹುದು, ಮೈಯೆಲ್ಲ ಕೆಂಪಾಗಿ ಕೀವುಗುಳ್ಳೆ ಏಳುವುದೂ ಉಂಟು. ಆಕೆಗೆ ಮೂರನೆಯ ಸೂಜಿಯ ನಂತರ ಬೆನ್ನು ಹೊಟ್ಟೆಯೆಲ್ಲ ಹಬ್ಬಿತು. ಆಗ ಮನೆಯವರು ಹೆದರಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಮೊದಲು ನೋಡಿದ್ದು ಆಕೆಯ ಉಗುರು, ಕಿವಿಯ ಹಿಂಭಾಗ, ಹೊಕ್ಕಳು. ಐದು ನಿಮಿಷದಲ್ಲಿ ರೋಗದ ಹೆಸರು ಹೇಳಿದರಂತೆ. ಸೋರಿಯಾಸಿಸ್ ಸಂಧಿವಾತ.

ಇದು ಏಕೆ ಬರುತ್ತದೆ? ನಮ್ಮ ತೋಟಕ್ಕೆ ರಾತ್ರಿ ಕಾವಲುಗಾರ ಇರುವ ಹಾಗೆ ದೇಹದೊಳಗೂ ಕಾವಲು ಇದೆ. ರೋಗಾಣು ಒಳಗೆ ನುಗ್ಗಿದರೆ ಹೊಡೆದು ಓಡಿಸುವುದು ಅದರ ಕೆಲಸ. ಕೆಲವರಲ್ಲಿ ಆ ಕಾವಲುಗಾರನಿಗೆ ಬುದ್ಧಿ ಕೆಟ್ಟು ಲೈನಿನ ಜನರನ್ನೇ ಕಳ್ಳರೆಂದು ಹೊಡೆಯತೊಡಗುತ್ತಾನೆ. ಚರ್ಮದ ಮೇಲೆ ಏಟು ಬಿದ್ದಾಗ, ಸುಮಾರು ಒಂದು ತಿಂಗಳಲ್ಲಿ ಬೆಳೆದು ಉದುರಬೇಕಾದ ಚರ್ಮ ಮೂರು ನಾಲ್ಕು ದಿನದಲ್ಲೇ ಬೆಳೆದು ರಾಶಿಯಾಗುತ್ತದೆ. ಕೀಲಿನ ಮೇಲೆ ಬಿದ್ದಾಗ ಊತ, ನೋವು, ಕೊನೆಗೆ ಎಲುಬಿನ ಸವೆತ. ಸೋರಿಯಾಸಿಸ್ ಇರುವ ಎಲ್ಲರಿಗೂ ಕೀಲು ಹಿಡಿಯುವುದಿಲ್ಲ, ಆದರೆ ಹತ್ತರಲ್ಲಿ ಎರಡು ಮೂರು ಜನಕ್ಕೆ ಹಿಡಿಯಬಹುದು. ಹೆಚ್ಚಿನವರಿಗೆ ಚರ್ಮ ಮೊದಲು, ಕೀಲು ಆಮೇಲೆ, ಕೆಲವರಿಗೆ ಹತ್ತು ವರ್ಷದ ನಂತರ. ದುಡಿಮೆಯ ನೋವಿಗೂ ಇದಕ್ಕೂ ಒಂದು ವ್ಯತ್ಯಾಸ ಗುರುತಿಟ್ಟುಕೊಳ್ಳಿ. ದುಡಿಮೆಯ ನೋವು ಸಂಜೆಗೆ ಹೆಚ್ಚು, ಮಲಗಿ ಎದ್ದರೆ ಕಡಿಮೆ. ಈ ನೋವು ಬೆಳಿಗ್ಗೆ ಹೆಚ್ಚು, ಓಡಾಡಿದ ಮೇಲೆ ಸಡಿಲ. ಮೇಸ್ತ್ರಿಗಳು ಕೆಲವರು ಇಲ್ಲಿ ಕೂತಿದ್ದೀರಿ. ಬೆಳಿಗ್ಗೆ ಏಳು ಗಂಟೆಗೆ ಕೈ ಮಡಿಚಲಾರದವಳು ಹತ್ತು ಗಂಟೆಗೆ ಚೆನ್ನಾಗಿ ಕೊಯ್ದರೆ ಅದು ಸೋಮಾರಿತನವಲ್ಲ, ಈ ರೋಗದ ಲಕ್ಷಣವೇ ಅದು.

ನೋವಿನ ಮಾತ್ರೆ ನೋವನ್ನು ಮರೆಸುತ್ತದೆ, ಕಾವಲುಗಾರನ ಕೈ ಹಿಡಿಯುವುದಿಲ್ಲ. ಕೈ ಹಿಡಿಯುವ ಔಷಧಗಳು ಬೇರೆ. ಅವುಗಳಲ್ಲಿ ಬಹಳ ಕಾಲದಿಂದ, ಬಹಳ ಜನಕ್ಕೆ ಕೊಡುತ್ತಿರುವುದು ಮೆಥೊಟ್ರೆಕ್ಸೇಟ್. ಅಮೆರಿಕದ ವೈದ್ಯರು 1964ರಲ್ಲಿ ಈ ರೋಗದ 21 ಜನರಿಗೆ ಇದನ್ನು ಸೂಜಿಯಲ್ಲಿ ಕೊಟ್ಟು ಪರೀಕ್ಷಿಸಿ ಚರ್ಮವೂ ಕೀಲೂ ಸುಧಾರಿಸಿದ್ದನ್ನು ಬರೆದಿಟ್ಟರು. ದುಬಾರಿ ಔಷಧವಲ್ಲ, ಭಾರತ ಸರ್ಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಎಲ್ಲರಿಗೂ ಒಂದೇ ರೀತಿ ಹಿಡಿಯುತ್ತದೆ ಎಂದು ಹೇಳಲಾರೆ. ಕೆಲವರಿಗೆ ಚರ್ಮ ಚೆನ್ನಾಗಿ ವಾಸಿಯಾಗಿ ಕೀಲು ಅಷ್ಟಕ್ಕಷ್ಟೇ ಆಗುವುದೂ ಉಂಟು. ಆದರೆ ನಮ್ಮಂಥವರಿಗೆ ಡಾಕ್ಟರು ಸಾಮಾನ್ಯವಾಗಿ ಇದರಿಂದಲೇ ಆರಂಭಿಸುತ್ತಾರೆ.

ಇದನ್ನು ತಿನ್ನುವುದು ವಾರಕ್ಕೆ ಒಂದು ದಿನ. ದಿನಾ ಅಲ್ಲ. ಇನ್ನೊಮ್ಮೆ ಹೇಳುತ್ತೇನೆ, ಹಿಂದಿನ ಬೆಂಚಿನವರಿಗೂ ಕೇಳಲಿ: ವಾರಕ್ಕೆ ಒಂದೇ ದಿನ.

ಆಕೆಗೆ ಮೊದಲ ತಿಂಗಳು ಆಸ್ಪತ್ರೆಯಲ್ಲೇ ಮಾತ್ರೆ ಕೊಟ್ಟು, ಶನಿವಾರ ರಾತ್ರಿ ಎಂದು ಬಾಯಲ್ಲಿ ಹೇಳಿ ಕಳಿಸಿದರು. ಎರಡನೆಯ ತಿಂಗಳು ಮಗ ಪೇಟೆಯ ಅಂಗಡಿಯಲ್ಲಿ ಕೊಂಡು ತಂದ. ಅಂಗಡಿಯವರು ಕವರಿನ ಮೇಲೆ ಅಭ್ಯಾಸಬಲದಿಂದ ಒಂದು, ಸೊನ್ನೆ, ಸೊನ್ನೆ ಎಂದು ಬರೆದರು. ಹಾಗೆಂದರೆ ದಿನಾ ಬೆಳಿಗ್ಗೆ ಒಂದು ಎಂದು ನಮಗೆಲ್ಲ ಗೊತ್ತು, ಬಿ.ಪಿ. ಮಾತ್ರೆ ಹಾಗೆಯೇ ತಿನ್ನುತ್ತೇವಲ್ಲ. ಡಾಕ್ಟರು ಬದಲಾಯಿಸಿದ್ದಾರೆಂದು ಮಗ ತಿಳಿದ. 15 ಮಿಲಿಗ್ರಾಮಿನ ಮಾತ್ರೆ. ವಾರಕ್ಕೆ 15 ತಿನ್ನಬೇಕಾದವಳು ಏಳು ದಿನದಲ್ಲಿ 105 ಮಿಲಿಗ್ರಾಮ್ ತಿಂದಳು.

ಎಂಟನೆಯ ದಿನ ಆಕೆಯ ಸೊಸೆ ಓಡಿ ಬಂದಳು. "ಸಿಸ್ಟರಮ್ಮ, ಅತ್ತೆ ಗಂಜಿ ಕೂಡ ನುಂಗ್ತಾ ಇಲ್ಲ, ಬಾಯೆಲ್ಲ ಬೆಂದ ಹಾಗಿದೆ, ಬಂದು ನೋಡಿ." ಹೋಗಿ ನೋಡಿದರೆ ತುಟಿ, ನಾಲಿಗೆ, ಗಂಟಲು ಎಲ್ಲ ಹುಣ್ಣು. ಒಸಡಿನಲ್ಲಿ ರಕ್ತ. ಜ್ವರ. ಮೈಮೇಲಿನ ಹಳೆಯ ಕಲೆಗಳು ಬಿರಿದು ಹಸಿಗಾಯವಾಗಿದ್ದವು. "ಅಕ್ಕಾ, ಯಾವ ಮಾತ್ರೆ ತಿಂತಾ ಇದ್ದೀಯ, ತೋರಿಸು" ಎಂದೆ. ದಿಂಬಿನ ಕೆಳಗಿನಿಂದ ಕವರು ತೆಗೆದು ಕೊಟ್ಟಳು. ಅದನ್ನು ಓದಿದಾಗ ನನ್ನ ಕೈ ನಡುಗಿತು. ತೋಟದ ಜೀಪಿನಲ್ಲಿ ಆ ರಾತ್ರಿಯೇ ಕಳಿಸಿದೆವು. ರಕ್ತದ ಬಿಳಿಕಣಗಳು ತೀರ ಇಳಿದುಹೋಗಿದ್ದವು. ಫೋಲಿನಿಕ್ ಆಸಿಡ್ ಎಂಬ ಸೂಜಿ ಈ ವಿಷವನ್ನು ಇಳಿಸುತ್ತದೆ, ಅದನ್ನು ಕೊಟ್ಟರು. ಹದಿನಾರು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ಇನ್ನು ಎರಡು ದಿನ ತಡವಾಗಿದ್ದರೆ ಏನಾಗುತ್ತಿತ್ತೆಂದು ಅಲ್ಲಿಯ ಡಾಕ್ಟರು ನನಗೆ ಹೇಳಿದ್ದನ್ನು ಇಲ್ಲಿ ಹೇಳುವುದಿಲ್ಲ.

ಅಂಗಡಿಯವನನ್ನು ಬೈಯಲು ನಾನು ಇಲ್ಲಿ ನಿಂತಿಲ್ಲ. ಇಂಥ ತಪ್ಪು ನಮ್ಮ ಪೇಟೆಯಲ್ಲಿ ಮಾತ್ರವಲ್ಲ, ದೊಡ್ಡ ದೊಡ್ಡ ದೇಶಗಳ ಆಸ್ಪತ್ರೆಗಳಲ್ಲೂ ಆಗಿ ಜನ ಸತ್ತಿದ್ದಾರೆ. ಅದಕ್ಕಾಗಿಯೇ ಚೀಟಿಯಲ್ಲಿ ವಾರದ ಹೆಸರನ್ನು ಪೂರ್ತಿಯಾಗಿ, ಶನಿವಾರ ಎಂದೋ ಬುಧವಾರ ಎಂದೋ ಬರೆಯಬೇಕೆಂದು ಹೇಳುತ್ತಾರೆ. ಬರೆದಿಲ್ಲದಿದ್ದರೆ ನೀವೇ ಕೇಳಿ ಬರೆಸಿಕೊಳ್ಳಿ. ಡಾಕ್ಟರು ಗದರಿದರೂ ಬರೆಸಿಕೊಳ್ಳಿ. ಮನೆಯಲ್ಲಿ ಓದಲು ಬರುವ ಹುಡುಗರಿದ್ದರೆ ಕ್ಯಾಲೆಂಡರಿನಲ್ಲಿ ಆ ವಾರಕ್ಕೆ ಸುತ್ತು ಹಾಕಲಿ, ತಿಂದ ಮೇಲೆ ಅಡ್ಡಗೆರೆ ಎಳೆಯಲಿ. ಒಂದು ವಾರ ಮರೆತುಹೋದರೆ ಮುಂದಿನ ವಾರ ಎರಡರಷ್ಟು ತಿನ್ನಬೇಡಿ. ಅನೇಕರಿಗೆ ಮಾತ್ರೆ ತಿಂದ ಮಾರನೆಯ ದಿನ ಹೊಟ್ಟೆ ತೊಳಸುತ್ತದೆ, ಮೈ ಭಾರ. ಶನಿವಾರ ರಾತ್ರಿ ತಿಂದರೆ ಆ ಸಂಕಟ ರಜೆಯ ದಿನಕ್ಕೆ ಬೀಳುತ್ತದೆ, ಸಂಬಳ ಹೋಗುವುದಿಲ್ಲ. ಭಾನುವಾರ ಆರಾಧನೆಯಲ್ಲಿ ವಾಕರಿಕೆ ಬಂದರೆ ಬಾಗಿಲ ಹತ್ತಿರ ಕೂತುಕೊಳ್ಳಿ, ಪಾಸ್ಟರ್ ಅಯ್ಯನವರು ಏನೂ ತಿಳಿದುಕೊಳ್ಳುವುದಿಲ್ಲ.

ಇದರ ಜೊತೆಗೆ ಇನ್ನೊಂದು ಚಿಕ್ಕ ಮಾತ್ರೆ ಕೊಡುತ್ತಾರೆ, ಫೋಲಿಕ್ ಆಸಿಡ್. ನಮ್ಮ ಬಸುರಿ ಹೆಂಗಸರಿಗೆ ಕಬ್ಬಿಣದ ಮಾತ್ರೆಯಲ್ಲಿ ಸೇರಿಸಿ ಕೊಡುವುದೂ ಇದನ್ನೇ. ಈ ಎರಡು ಮಾತ್ರೆಗಳ ಕಥೆಗೂ ನಮ್ಮ ನೀಲಗಿರಿಗೂ ಒಂದು ನಂಟಿದೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಬೊಂಬಾಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರು ಬಸುರಿಯಾದಾಗ ರಕ್ತ ಬತ್ತಿ ಸಾಯುತ್ತಿದ್ದರು. ಕಾರಣ ಹುಡುಕುತ್ತ ಆಕೆ 1929ರಲ್ಲಿ ನಮ್ಮ ಕೂನೂರಿನ ಪಾಸ್ಚರ್ ಸಂಸ್ಥೆಯಲ್ಲಿಯೂ ಕೆಲಸ ಮಾಡಿದರು. ಕೊನೆಗೆ ಮಾರ್ಮೈಟ್ ಎಂಬ ಅಗ್ಗದ ಈಸ್ಟ್ ಸಾರವನ್ನು ತಿನ್ನಿಸಿದರೆ ಆ ಹೆಂಗಸರ ರಕ್ತ ಮತ್ತೆ ಏರುತ್ತದೆಂದು ಕಂಡು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಸತ್ವಕ್ಕೆ ಹತ್ತು ವರ್ಷದ ಮೇಲೆ ಫೋಲಿಕ್ ಆಸಿಡ್ ಎಂದು ಹೆಸರಾಯಿತು. ಆಮೇಲೆ ಭೀಮವರಂನಲ್ಲಿ 1895ರಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯ ಓದಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಲ್ಲಿಯ ಔಷಧ ಕಂಪನಿಯಲ್ಲಿ ಈ ಸತ್ವವನ್ನೂ ತಯಾರಿಸಿತು, ಅದಕ್ಕೆ ಎದುರಾಗಿ ಕೆಲಸ ಮಾಡುವ ಔಷಧಗಳನ್ನೂ ತಯಾರಿಸಿತು. ಅಂಥದೊಂದನ್ನು 1948ರಲ್ಲಿ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟು ನೋಡಿದರು. 1951ರಲ್ಲಿ ಕೀಲುವಾತದವರಿಗೆ ಕೊಟ್ಟಾಗ ಸೋರಿಯಾಸಿಸ್ ಕಲೆಗಳು ಮಾಯವಾದದ್ದು ಕಂಡಿತು. ಅದರ ತಮ್ಮನೇ ಮೆಥೊಟ್ರೆಕ್ಸೇಟ್.

ಕ್ಯಾನ್ಸರ್ ಮದ್ದು ಎಂದು ಅಂಗಡಿಯಲ್ಲಿ ಯಾರಾದರೂ ಹೇಳಿದರೆ ಹೆದರಿ ಬಿಸಾಡಬೇಡಿ. ಕ್ಯಾನ್ಸರಿಗೆ ಕೊಡುವ ಪ್ರಮಾಣ ಬಹಳ ದೊಡ್ಡದು, ನಮಗೆ ಕೊಡುವುದು ಚಿಟಿಕೆಯಷ್ಟು. ಆದರೂ ಅದು ಫೋಲಿಕ್ ಆಸಿಡ್‌ಗೆ ಎದುರಾಳಿಯೇ. ಬಾಯಿ, ಕರುಳು, ಎಲುಬಿನ ಮಜ್ಜೆ ಇವು ದಿನಾ ಹೊಸದಾಗಿ ಬೆಳೆಯುವ ಜಾಗಗಳು, ಅವಕ್ಕೆ ಪೆಟ್ಟಾಗದಿರಲಿ ಎಂದು ಬೇರೆ ದಿನ ಫೋಲಿಕ್ ಆಸಿಡ್ ತಿನ್ನಿಸುತ್ತಾರೆ. ಎರಡೂ ಹಳದಿ ಬಣ್ಣದ ಚಿಕ್ಕ ಮಾತ್ರೆಗಳಾಗಿ ಬರುವುದುಂಟು. ಒಂದೇ ಡಬ್ಬಿಗೆ ಹಾಕಬೇಡಿ.

ಇನ್ನು ಸಹನೆಯ ವಿಷಯ. ಸೂಜಿಯ ಹಾಗೆ ಮಾರನೆಯ ದಿನ ಗುಣ ಕಾಣುವುದಿಲ್ಲ. ಒಂದೂವರೆ ತಿಂಗಳಿಂದ ಮೂರು ತಿಂಗಳು ಬೇಕು. ಕವಾತು ಮಾಡಿದ ಗಿಡ ಚಿಗುರಲು ಕಾಯುತ್ತೀರಲ್ಲ, ಹಾಗೆ. ಕಾಯುವಾಗ ರಕ್ತ ಪರೀಕ್ಷೆ ತಪ್ಪಿಸಬಾರದು. ಆರಂಭದಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತಕಣ, ಪಿತ್ತಕೋಶ, ಮೂತ್ರಪಿಂಡ ನೋಡುತ್ತಾರೆ. ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಎಲ್ಲವೂ ನನಗೆ ಗೊತ್ತು. ಇಂಗ್ಲೆಂಡಿನಲ್ಲಿ ಈ ರೋಗ ಆಗತಾನೆ ಶುರುವಾದ 206 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ನಾಲ್ಕು ವಾರಕ್ಕೊಮ್ಮೆ ಕರೆದು ಮದ್ದು ಸರಿಪಡಿಸುತ್ತ ಹೋದರು, ಇನ್ನೊಂದನ್ನು ಹನ್ನೆರಡು ವಾರಕ್ಕೊಮ್ಮೆ ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೇಲಿಂದ ಮೇಲೆ ಹೋದವರ ಕೀಲೂ ಚರ್ಮವೂ ಹೆಚ್ಚು ಸುಧಾರಿಸಿದ್ದವು. ಅಡ್ಡಪರಿಣಾಮವೂ ಅವರಲ್ಲಿಯೇ ತುಸು ಹೆಚ್ಚು ಕಂಡಿತು ಎಂಬುದನ್ನೂ ಹೇಳಬೇಕು.

ಗಂಡಸರಿಗೆ ಒಂದು ಮಾತು. ಈ ಮಾತ್ರೆಯೂ ಸಾರಾಯಿಯೂ ಒಂದೇ ಪಿತ್ತಕೋಶಕ್ಕೆ ಹೋಗುತ್ತವೆ. ಸಂಬಳದ ದಿನ ಒಂದು ದಿನ ಮಾತ್ರ ಎಂದು ನನ್ನ ಹತ್ತಿರ ವಾದ ಮಾಡಿದವರಿದ್ದಾರೆ. ವಾದದಲ್ಲಿ ಗೆದ್ದರು, ಪರೀಕ್ಷೆಯ ಕಾಗದದಲ್ಲಿ ಸೋತರು. ಹೆಂಗಸರಿಗೆ ಇನ್ನೂ ಮುಖ್ಯವಾದ ಮಾತು. ಈ ಮಾತ್ರೆ ತಿನ್ನುವಾಗ ಬಸುರಿಯಾಗಬಾರದು. ಹೊಟ್ಟೆಯ ಮಗುವಿಗೆ ದೊಡ್ಡ ಊನವಾಗಬಹುದು, ಗರ್ಭ ಇಳಿದುಹೋಗಬಹುದು. ಮಗು ಬೇಕೆಂದಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ, ಮದ್ದು ಬದಲಾಯಿಸಿ, ಅವರು ಹೇಳಿದಷ್ಟು ತಿಂಗಳು ಕಾಯಬೇಕು. ಮದುವೆಯಾಗುವ ಹುಡುಗಿಗೆ ಈ ಮಾತ್ರೆ ನಡೆಯುತ್ತಿದ್ದರೆ ಅದನ್ನು ಮುಚ್ಚಿಟ್ಟು ಮದುವೆ ಮಾಡಬೇಡಿ. ಮೊಲೆ ಕುಡಿಸುವವರೂ ತಿನ್ನಬಾರದು.

ಜ್ವರ ಬಂದು ಬೇರೆ ಡಿಸ್ಪೆನ್ಸರಿಗೆ ಹೋದರೆ ಮೊದಲ ಮಾತು ಇದೇ ಆಗಿರಲಿ: "ನಾನು ಮೆಥೊಟ್ರೆಕ್ಸೇಟ್ ತಿಂತೀನಿ." ಸೆಪ್ಟ್ರಾನ್ ಎಂದು ನಮಗೆಲ್ಲ ಗೊತ್ತಿರುವ ಮಾತ್ರೆ ಇದರ ಜೊತೆ ಸೇರಿದರೆ ರಕ್ತಕಣಗಳು ಕುಸಿಯುತ್ತವೆ. ಒಣಕೆಮ್ಮು, ಏದುಸಿರು, ಬಾಯಿಹುಣ್ಣು, ಬಿಡದ ಜ್ವರ, ಇವುಗಳಲ್ಲಿ ಯಾವುದು ಬಂದರೂ ಆ ವಾರದ ಮಾತ್ರೆ ತಿನ್ನದೆ ಡಾಕ್ಟರ ಹತ್ತಿರ ಹೋಗಿ.

ಇದು ಹಿಡಿಯದಿದ್ದರೆ ಬೇರೆ ಮಾತ್ರೆಗಳಿವೆ, ಸಲ್ಫಸಲಜೀನ್, ಲೆಫ್ಲುನೊಮೈಡ್. ಈಚಿನ ಸೂಜಿಗಳೂ ಇವೆ. ಕಾವಲುಗಾರನಿಗೆ ಹೊಡಿ ಎಂದು ಸಂದೇಶ ಒಯ್ಯುವ ಟಿ.ಎನ್.ಎಫ್. ಎಂಬ ವಸ್ತುವನ್ನೇ ಅವು ತಡೆಯುತ್ತವೆ. ಎಟಾನರ್ಸೆಪ್ಟ್ ಎಂಬುದಕ್ಕೆ ಈ ರೋಗಕ್ಕಾಗಿ ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು, ಅಡಲಿಮುಮಾಬ್ ಎಂಬುದನ್ನು 2014ರಿಂದ ನಮ್ಮ ದೇಶದಲ್ಲೇ ತಯಾರಿಸುತ್ತಾರೆ. ಬೆಲೆ ನಮ್ಮ ಕೈಗೆ ಸುಲಭವಾಗಿ ಎಟುಕುವುದಲ್ಲ. ಬೆಲೆಗಿಂತ ದೊಡ್ಡ ಮಾತು ಟಿ.ಬಿ. ಲೈನ್ ಮನೆಗಳಲ್ಲಿ ಟಿ.ಬಿ. ಹೊಸದಲ್ಲ. ಎಷ್ಟೋ ಜನರ ಎದೆಯಲ್ಲಿ ಅದು ಮಲಗಿರುತ್ತದೆ, ಕಾವಲು ಗಟ್ಟಿಯಾಗಿರುವವರೆಗೆ ಏಳುವುದಿಲ್ಲ. ಆ ಸೂಜಿ ಕಾವಲನ್ನು ಕಟ್ಟಿಹಾಕಿದಾಗ ಮಲಗಿದ್ದ ಟಿ.ಬಿ. ಎದ್ದುಬಿಡಬಹುದು. ಅದಕ್ಕೆ ಮೊದಲು ಎದೆಯ ಚಿತ್ರ, ಟಿ.ಬಿ. ಪರೀಕ್ಷೆ ಮಾಡುತ್ತಾರೆ, ಬೇಕಾದರೆ ಮೊದಲು ಅದರ ಮಾತ್ರೆ ಕೊಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇದ್ದದ್ದನ್ನು ನಾಚಿಕೆಯಿಂದ ಮುಚ್ಚಿಡಬೇಡಿ.

ಆಕೆಯ ವಿಷಯ ಮುಗಿಸುತ್ತೇನೆ. ಆಸ್ಪತ್ರೆಯಿಂದ ಬಂದ ಮೇಲೆ ಮೂರು ತಿಂಗಳು ಆ ಮಾತ್ರೆಯ ಹೆಸರೆತ್ತಿದರೆ ಅಳುತ್ತಿದ್ದಳು. ಬೆರಳು ಮತ್ತೆ ಊದತೊಡಗಿದಾಗ ಡಾಕ್ಟರು ಧೈರ್ಯ ಹೇಳಿ, ಕಡಿಮೆ ಪ್ರಮಾಣದಿಂದ ಪುನಃ ಆರಂಭಿಸಿದರು. ಈ ಸಲ ನಾನೇ ತಿಂಗಳಿನ ನಾಲ್ಕು ಮಾತ್ರೆಗಳನ್ನು ನಾಲ್ಕು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮೇಲೆ ತಾರೀಖು ಬರೆದುಕೊಟ್ಟೆ. ಐದು ತಿಂಗಳಲ್ಲಿ ಬೆಳಗಿನ ಬಿಗಿತ ಕಾಲು ಗಂಟೆಗೆ ಇಳಿಯಿತು. ಬೆನ್ನಿನ ಕಲೆ ಹೋಯಿತು, ಮೊಣಕೈಯಲ್ಲಿ ಸ್ವಲ್ಪ ಉಳಿದಿದೆ. ಬಾಗಿದ ಎರಡು ಬೆರಳು ನೆಟ್ಟಗಾಗಲಿಲ್ಲ, ಆಗುವುದೂ ಇಲ್ಲ. ಸೊಪ್ಪು ಕೊಯ್ಯಲು ಆಗದೆಂದು ತೋಟದವರು ನರ್ಸರಿಯಲ್ಲಿ ಕೆಲಸ ಕೊಟ್ಟರು, ಸಸಿ ಚೀಲಕ್ಕೆ ಮಣ್ಣು ತುಂಬುತ್ತಾಳೆ. ಆಕೆಯ ಮೊಮ್ಮಗಳು ಈಗ ಪಕ್ಕದ ಮನೆಯ ಮಕ್ಕಳ ಜೊತೆ ಆಕೆಯ ತಟ್ಟೆಯಿಂದಲೇ ಉಣ್ಣುತ್ತಾಳೆ.

ಹಿರಿಯರು ಗಡಿಯಾರ ನೋಡುತ್ತಿದ್ದಾರೆ. ಮಾತ್ರೆಯ ಚೀಟಿ, ಕವರು ತಂದಿರುವವರು ಕಾಫಿ ಕುಡಿದ ಮೇಲೆ ಈ ಮೇಜಿನ ಹತ್ತಿರ ಬನ್ನಿ, ಕೂತು ಓದಿ ಹೇಳುತ್ತೇನೆ. ತಲೆಯಲ್ಲಿ ಹೊಟ್ಟು, ಬೆರಳಲ್ಲಿ ಊತ ಎರಡೂ ಇರುವವರು ಚೀಟಿ ಇಲ್ಲದಿದ್ದರೂ ಬನ್ನಿ. ನಿಮ್ಮ ಉಗುರು ನೋಡಬೇಕು.